ಕಾಲಿಗೆ ಸ್ಪರ್ಶ ಗೊತ್ತಾಗುತ್ತಾ? ಮನೆಯಲ್ಲೇ ನೋಡುವುದು ಹೀಗೆ

ಕಳೆದ ಸುಗ್ಗಿಯಲ್ಲಿ ನಮ್ಮ ಮಾವ ಆಲೆಮನೆಯಿಂದ ಬಂದು ಜಗಲಿ ಮೇಲೆ ಕೂತರು. ಕಾಲಿಗೆ ನೀರು ಕೊಡಲು ಹೋದೆ. ಬಲಗಾಲಿನ ಕಿರುಬೆರಳ ಪಕ್ಕ ನಿಂಬೆಹಣ್ಣಿನಷ್ಟು ದಪ್ಪ ಬೊಬ್ಬೆ. ಕೊಪ್ಪರಿಗೆಯಿಂದ ಸಿಡಿದ ಪಾಕ ಬಿದ್ದಿತ್ತು.

"ಯಾವಾಗ ಸುಟ್ಟುಕೊಂಡ್ರಿ ಮಾವ?" ಅಂದೆ.

ಅವರು ಬಗ್ಗಿ ನೋಡಿ, "ನಂಗೇನೂ ಗೊತ್ತೇ ಆಗ್ಲಿಲ್ವಲ್ಲ ಕಣವ್ವ" ಅಂದರು.

ಅವರಿಗೆ 14 ವರ್ಷದಿಂದ ಶುಗರ್. ತೋರಿಸುತ್ತಿದ್ದ ಕಡೆ ರಕ್ತದ ರಿಪೋರ್ಟು ನೋಡಿ ಮಾತ್ರೆ ಬರೆದುಕೊಡುತ್ತಿದ್ದರು. ಚಪ್ಪಲಿ ಬಿಚ್ಚಿ ಅಂತ ಒಂದು ದಿನವೂ ಹೇಳಲಿಲ್ಲ. ಅವರನ್ನೇ ಯಾಕೆ ಅನ್ನಲಿ, ನಾನು ಮದ್ದೂರಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಚರ್ಮ, ನರ, ಬೆನ್ನುಹುರಿ, ಮಿದುಳು ಅಂತ ಬೋರ್ಡಿನ ತುಂಬ ಚಿತ್ರ ಬರೆಯುತ್ತೇನೆ. ಮನೆಯಲ್ಲಿದ್ದ ಕಾಲನ್ನು ನೋಡಿರಲಿಲ್ಲ. ಯಾಕೆಂದರೆ ಅದೇ ಕಾಲು ರಾತ್ರಿ ಹೊತ್ತು "ಉರಿ, ಉರಿ" ಅಂತ ಅವರನ್ನು ಎಬ್ಬಿಸುತ್ತಿತ್ತು. ಉರಿ ಗೊತ್ತಾಗುವ ಕಾಲಿಗೆ ಮಿಕ್ಕಿದ್ದೂ ಗೊತ್ತಾಗುತ್ತೆ ಅಂದುಕೊಂಡಿದ್ದೆ.

ಅಲ್ಲೇ ತಪ್ಪಿದ್ದು. ಚರ್ಮದಿಂದ ಹೊರಡುವುದು ಒಂದೇ ತಂತಿಯಲ್ಲ. ಕತ್ತಲಲ್ಲಿ ಹೊಸ್ತಿಲು ಎಡವಿದ್ದು ನೆನಪಿಸಿಕೊಳ್ಳಿ. ಮೊದಲು 'ತಗುಲಿತು' ಅಂತ ಗೊತ್ತಾಗುತ್ತೆ. ತಕ್ಷಣ ಚುರ್ ಅನ್ನುತ್ತೆ. ಆಮೇಲೆ ನಿಧಾನಕ್ಕೆ ಆ ಜೀವ ಹಿಂಡುವ ನೋವು ಏರುತ್ತೆ. ಮೂರೂ ಬೇರೆ ಬೇರೆ ಎಳೆಗಳಲ್ಲಿ ಬರುತ್ತವೆ. ಸ್ಪರ್ಶದ ಎಳೆಗಳು ದಪ್ಪ, ಮೇಲೆ ಕೊಬ್ಬಿನ ಹೊದಿಕೆ, ಸೆಕೆಂಡಿಗೆ 35 ರಿಂದ 75 ಮೀಟರ್ ಓಡುತ್ತವೆ. ಚುರ್ ಅನ್ನಿಸುವವು ಅದಕ್ಕಿಂತ ಸಣ್ಣ, 5 ರಿಂದ 30 ಮೀಟರ್. ಕೊನೆಗೆ ಬರುವ ನೋವಿನವು ಹೊದಿಕೆಯೇ ಇಲ್ಲದ ಬಲು ಸಣ್ಣ ಎಳೆಗಳು. ಸೆಕೆಂಡಿಗೆ 2 ಮೀಟರ್ ಸಾಗಿದರೆ ಹೆಚ್ಚು. ಕಾಲ್ಬೆರಳಿಂದ ಬೆನ್ನಿನವರೆಗೆ ಸುಮಾರು ಒಂದು ಮೀಟರ್ ದಾರಿ, ಲೆಕ್ಕ ನೀವೇ ಹಾಕಿ.

ಶುಗರ್ ಜಾಸ್ತಿ ವರ್ಷ ಇದ್ದರೆ ಮೊದಲು ಏಟು ತಿನ್ನುವುದು ಈ ಉದ್ದದ ನರಗಳು. ಅದಕ್ಕೇ ಕಾಲ್ಬೆರಳಿಂದ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಬರುತ್ತೆ. ಹಾಳಾದ ನರ ಸುಮ್ನಿರಲ್ಲ. ಶಾರ್ಟ್ ಆದ ಕಾಲಿಂಗ್ ಬೆಲ್ ನೋಡಿದ್ದೀರಲ್ವಾ? ಯಾರೂ ಒತ್ತದೆ ಬಡಿದುಕೊಳ್ಳುತ್ತೆ, ಒತ್ತಿದಾಗ ಕೂಗುವುದಿಲ್ಲ. ಮಾವನ ಉರಿ ಅಂಥದ್ದು.

ಈಗ ನೋಡುವ ವಿಧಾನಕ್ಕೆ ಬರೋಣ. ಮೊದಲು ನಿಮ್ಮ ಮೇಲೆಯೇ ಮಾಡಿಕೊಳ್ಳಿ. ಒಂದು ಹೇರ್‌ಪಿನ್ನಿನ ಎರಡು ತುದಿಗಳ ನಡುವೆ 4 ಮಿಲಿಮೀಟರ್ ಜಾಗ ಬಿಡಿ. ಕಣ್ಣು ಮುಚ್ಚಿ, ಬೆರಳತುದಿಗೆ ಎರಡೂ ತುದಿ ಒಟ್ಟಿಗೆ ಮುಟ್ಟುವ ಹಾಗೆ ಇನ್ನೊಬ್ಬರಿಂದ ಇಡಿಸಿಕೊಳ್ಳಿ. ಎರಡು ಅಂತ ಗೊತ್ತಾಗುತ್ತೆ. ಅದನ್ನೇ ಮೀನಖಂಡಕ್ಕೆ ಇಟ್ಟರೆ ಒಂದೇ ಅನ್ನಿಸುತ್ತೆ. ಮೂರು ಸೆಂಟಿಮೀಟರ್ ಅಗಲಿಸಿದರೂ ಬಹಳ ಜನಕ್ಕೆ ಒಂದೇ. ಬೆರಳತುದಿಯಲ್ಲಿ ಸ್ಪರ್ಶದ ಗ್ರಾಹಕಗಳು, ಅಂದರೆ ಮುಟ್ಟಿದ್ದನ್ನು ಹಿಡಿದು ನರಕ್ಕೆ ತಿಳಿಸುವವು, ಒತ್ತೊತ್ತಾಗಿವೆ, ಮೀನಖಂಡದಲ್ಲಿ ವಿರಳ. ಇದನ್ನು ಯಾಕೆ ಮಾಡಿಸುತ್ತೇನೆಂದರೆ, ಕಾಲು ಕೈಯಷ್ಟು ಚುರುಕಲ್ಲ ಅಂತ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಗಾಬರಿ.

ಶುಗರ್ ಇರುವವರ ಕಾಲು ನೋಡುವ ಮುಖ್ಯ ಪರೀಕ್ಷೆಗೆ ನಿಮ್ಮ ತೋರುಬೆರಳು ಸಾಕು. ಕೈ ಒದ್ದೆಯಾಗಿರಬಾರದು, ತಣ್ಣಗೂ ಇರಬಾರದು. ತಣ್ಣಗಿದ್ದರೆ ಅವರು ಹೇಳುವುದು ಸ್ಪರ್ಶವನ್ನೋ ಚಳಿಯನ್ನೋ ತಿಳಿಯಲ್ಲ. ಅವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ. ಮುಟ್ಟಿದ್ದು ಗೊತ್ತಾದಾಗ 'ಬಲ' ಅಥವಾ 'ಎಡ' ಅನ್ನಬೇಕು, ಅಷ್ಟೇ. ಬಲಗಾಲಿನ ಹೆಬ್ಬೆರಳ ತುದಿ, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಆಮೇಲೆ ಎರಡೂ ಕಾಲಿನ ನಡುಬೆರಳು. ಒಟ್ಟು ಆರು. ಒಂದೊಂದಕ್ಕೂ ಒಂದೆರಡು ಸೆಕೆಂಡು, ಗರಿ ಸೋಕಿದಷ್ಟು ಹಗುರ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಒತ್ತಿದರೆ ಆಳದ ಗ್ರಾಹಕಗಳು ಎದ್ದು ಉತ್ತರ ಕೊಟ್ಟುಬಿಡುತ್ತವೆ. ಗೊತ್ತಾಗದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟಿ ಅವಕಾಶ ಕೊಡಬೇಡಿ. ಪಾಪ ಅನ್ನಿಸುತ್ತೆ, ಆದರೂ.

ಆರರಲ್ಲಿ ಎರಡೋ ಹೆಚ್ಚೋ ತಪ್ಪಿದರೆ ಕಾಲಿನ ಸ್ಪರ್ಶ ಕಡಿಮೆಯಾಗಿರಬಹುದು ಅಂತ ಲೆಕ್ಕ. ಡಾಕ್ಟರ ಹತ್ತಿರ ಹೋಗಿ. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇಟ್ಟು ನೋಡುತ್ತಾರೆ, 128 ಹರ್ಟ್ಸ್‌ನ ಶ್ರುತಿಕವೆ (ಬಡಿದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಟ್ಯೂನಿಂಗ್ ಫೋರ್ಕ್) ಬಡಿದು ಹೆಬ್ಬೆರಳ ಮೂಳೆಗೆ ಇಡುತ್ತಾರೆ. ನಾನು ಶಾಲೆಯ ಲ್ಯಾಬಿನಿಂದ ಶ್ರುತಿಕವೆ ತರಲು ಹೊರಟಿದ್ದೆ. ನಮ್ಮ ಪೆಟ್ಟಿಗೆ ಶುರುವಾಗುವುದೇ 256 ರಿಂದ. ಕೈಬಿಟ್ಟೆ.

ಒಂದು ಎಚ್ಚರಿಕೆ. ನಮ್ಮ ಮಾವ ಮೋಸ ಮಾಡುತ್ತಿದ್ದರು. ಮಂಚ ಕಿರ್ ಅಂದರೆ ಸಾಕು, "ಬಲ!" ಎಡಕ್ಕೆ ಸರಿದರೆ "ಎಡ!" ಹಾಗಾಗಿ ನಡುನಡುವೆ ಏನೂ ಮುಟ್ಟದೆ ಹತ್ತು ಸೆಕೆಂಡು ಸುಮ್ಮನಿರಿ. 'ಗೊತ್ತಾಯ್ತಾ?' ಅಂತ ಕೇಳಲೇಬೇಡಿ. ಕೇಳಿದರೆ ಹಿರಿಯರು ಹೂಂ ಅನ್ನುತ್ತಾರೆ.

ಇನ್ನೊಂದು, ಬೆರಳು ಎಲ್ಲಿದೆ ಅನ್ನುವ ಅರಿವು. ಅದಕ್ಕೆ ಚರ್ಮಕ್ಕಿಂತ ಸ್ನಾಯು, ಕೀಲುಗಳ ಸುದ್ದಿ ಬೇಕು. ಹೆಬ್ಬೆರಳನ್ನು ಎರಡು ಪಕ್ಕದಿಂದ ಹಿಡಿದು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಬಾಗಿಸಿ, ಯಾವ ಕಡೆ ಅಂತ ಕೇಳಿ. ಮೇಲಿಂದ ಹಿಡಿದರೆ ಒತ್ತಡವೇ ಗುಟ್ಟು ಬಿಟ್ಟುಕೊಡುತ್ತೆ. ಇದು ತಪ್ಪುವವರು ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ತೂರಾಡುತ್ತಾರೆ.

ಬಿಸಿಯನ್ನು ಮಾತ್ರ ಆ ಕಾಲಿನ ಮೇಲೆ ಪರೀಕ್ಷಿಸಬೇಡಿ. ಬಿಸಿಗೆ ಬೇರೆ ಗ್ರಾಹಕವಿದೆ. ಸುಮಾರು 43 ಡಿಗ್ರಿ ದಾಟಿದರೆ ಅದು ತೆರೆದುಕೊಳ್ಳುತ್ತೆ. ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತೆರೆಯುತ್ತೆ, ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುವುದು ಅದಕ್ಕೇ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್, ಒತ್ತಡದ ಗ್ರಾಹಕ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್, ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ನಮ್ಮ ಮನೆಯಲ್ಲಿ ಮಾತ್ರ ಹಂಡೆಯಿಂದ ತೋಡಿದ ನೀರಿಗೆ ಮೊದಲು ನನ್ನ ಮೊಣಕೈ, ಆಮೇಲೆ ಮಾವನ ಕಾಲು.

ದಿನಾ ಸಂಜೆ ಅಂಗಾಲು, ಹಿಮ್ಮಡಿ, ಬೆರಳಸಂದು ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಲಿ. ಬೊಬ್ಬೆ, ಕೆಂಪು, ಮುಳ್ಳು ಕಂಡರೆ ನೋವಿಲ್ಲ ಅಂತ ಬಿಡಬೇಡಿ. ಗುಣವಾಗಲು ಮಾವನ ಬೊಬ್ಬೆ ಎರಡು ತಿಂಗಳು ತೆಗೆದುಕೊಂಡಿತು.

ಆರು ಬೆರಳಿನ ಫಲಿತಾಂಶವನ್ನು ತಾರೀಖಿನ ಜೊತೆ ಬರೆದಿಡಿ. ನಮ್ಮದು ಡೈರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿದೆ. ಎರಡೂ ಕಿರುಬೆರಳು, ಬಲ ನಡುಬೆರಳಿಗೆ ಗೊತ್ತಾಗಲ್ಲ. ಮೂರು ತಿಂಗಳಿಂದ ಅಷ್ಟೇ ಇದೆ, ಜಾಸ್ತಿಯಾಗಿಲ್ಲ. ಮಾವ ಈಗ ಆಲೆಮನೆಗೆ ಬೂಟು ಹಾಕಿಕೊಂಡು ಹೋಗುತ್ತಾರೆ. ಅಲ್ಲಿಯವರು ಇನ್ಸ್‌ಪೆಕ್ಟರ್ ಬಂದ ಅನ್ನುತ್ತಾರಂತೆ.