ಬಾವಿ ಈಜುಗಾರರು ಹವಳ ನೋಡಲು ಹೊರಟರೆ

ಕಲಬುರಗಿ ಸೀಮೆಯಲ್ಲಿ ಈಜು ಬರುವವರಲ್ಲಿ ಬಹಳಷ್ಟು ಜನ ಬಾವಿಯಲ್ಲೇ ಕಲಿತವರು. ಬೆನ್ನಿಗೊಂದು ಖಾಲಿ ಎಣ್ಣೆ ಡಬ್ಬಿ, ಮೇಲಿಂದ ಯಾರೋ ಒಬ್ಬರು ನೂಕುತ್ತಾರೆ, ಮುಗೀತು. ನಮ್ಮ ಕಾಕಾ ಅಂಥವರು. ಜೇವರ್ಗಿ ಹತ್ತಿರದ ಹೊಲದ ಬಾವಿಯಲ್ಲಿ ಮುಳುಗಿ, ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸುತ್ತಿದ್ದರು. ಸಮುದ್ರದೊಳಗಿನ ಹವಳ ನೋಡಲು ಅವರನ್ನು ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋದಾಗ ಒಂದು ಗೊತ್ತಾಯಿತು. ಈಜೇ ಬಾರದ ನನಗಿಂತ ಅವರಿಗೇ ಪಾಠ ಜಾಸ್ತಿ ಬೇಕಿತ್ತು.

ನೇತ್ರಾಣಿ ಭಟ್ಕಳ ತಾಲ್ಲೂಕಿಗೆ ಸೇರಿದ ಪುಟ್ಟ ದ್ವೀಪ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರ. ಹೆಸರಿಗೆ ಇದು ಒಂದು ದಿನದ ಪ್ರವಾಸ. ನಮ್ಮ ಕಡೆಯವರು ಮಾತ್ರ ಮೂರು ದಿನ ಇಟ್ಟುಕೊಳ್ಳಬೇಕು. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಘಟ್ಟ ಇಳಿದು ಮುರುಡೇಶ್ವರ. ಅವತ್ತು ಸುಮ್ನೆ ಮಲಗಿ. ದೋಣಿ ಮರುದಿನ ಬೆಳಿಗ್ಗೆ. ಮಳೆಗಾಲದಲ್ಲಿ ಎಲ್ಲ ಬಂದ್. ತೊಗರಿ ರಾಶಿ ಮುಗಿಸಿ ಹೊರಟರೆ ಸಮುದ್ರವೂ ಶಾಂತ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ.

ಸ್ನಾರ್ಕೆಲಿಂಗ್ ಬೇಕೋ ಸ್ಕೂಬಾ ಬೇಕೋ ಮೊದಲೇ ನಿರ್ಧರಿಸಿ. ಸ್ನಾರ್ಕೆಲಿಂಗ್ ಅಂದರೆ ಲೈಫ್ ಜಾಕೆಟ್ ಹಾಕಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುವುದು. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುತ್ತಾರೆ. ಅದರಲ್ಲಿರುವುದು ಬರೀ ಆಕ್ಸಿಜನ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಮೊದಲ ಸಲದವರನ್ನು ತರಬೇತುದಾರರು ಜೊತೆಗಿದ್ದೇ ಇಳಿಸುತ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೂ ಅವಕಾಶವಿದೆ. ಆಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಗರ್ಭಿಣಿಯರು ಸ್ಕೂಬಾಕ್ಕೆ ಇಳಿಯುವಂತೆಯೇ ಇಲ್ಲ. ನೆಗಡಿಯಾಗಿದ್ದರೆ ದಿನಾಂಕ ಮುಂದೆ ಹಾಕಿ. ಮೂಗು ಕಟ್ಟಿದವರಿಗೆ ಕಿವಿಯ ಒತ್ತಡ ಬಿಡಿಸಿಕೊಳ್ಳಲು ಆಗುವುದಿಲ್ಲ.

ಬಕೆಟ್‌ನಲ್ಲಿ ಅಭ್ಯಾಸ

ಈಜು ಬರದಿದ್ದರೂ ನಡೆಯುತ್ತದೆ. ಬಾಯಿಯಿಂದಲೇ ಉಸಿರಾಡುವುದು ಮಾತ್ರ ಬರಲೇಬೇಕು. ಒಂದು ಸ್ನಾರ್ಕೆಲ್ ಕೊಂಡುತಂದು, ದೊಡ್ಡ ಬಕೆಟ್ ತುಂಬಿಸಿ, ಮಾಸ್ಕ್ (ಕಣ್ಣು, ಮೂಗು ಮುಚ್ಚುವ ಗಾಜಿನ ಮುಖವಾಡ) ಇಲ್ಲದೆ ಮುಖ ಅದ್ದಿ. ಮೂಗು ನೀರಲ್ಲಿದ್ದರೂ ಬಾಯಿಂದ ನಿಧಾನವಾಗಿ ಎಳೆದು ಬಿಡಬೇಕು. ಮೊದಲ ದಿನ ನೀರು ನೆತ್ತಿಗೇರುತ್ತದೆ, ಕೆಮ್ಮು ಬರುತ್ತದೆ, ಮನೆಯವರು ನಗುತ್ತಾರೆ. ನನಗೆ ನಾಲ್ಕನೇ ದಿನಕ್ಕೆ ರೂಢಿಯಾಯಿತು.

ಕಾಕಾ ಮಾತ್ರ ಬಕೆಟ್ ಹತ್ತಿರವೂ ಬರಲಿಲ್ಲ. 'ಉಸಿರು ಬಿಗಿಹಿಡದು ತಳದಾಗ ಕುಂತು ಬಂದಾಂವ ನಾ. ನನಗೇನ್ ಕಲಸ್ತಿ?' ಅಂದರು. ತೊಂದರೆ ಇರುವುದೇ ಅಲ್ಲಿ. ಬಾವಿಯಲ್ಲಿ ಉಸಿರು ಹಿಡಿಯುವುದೇ ಗಟ್ಟಿತನ, ಸ್ಕೂಬಾದಲ್ಲಿ ಅದೇ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಂಡೆಯ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಒಂದು ಪುಗ್ಗೆಗೆ ಗಾಳಿ ತುಂಬಿ ಮೇಲೆ ತಂದರೆ ಅದು ಎರಡು ಪಟ್ಟು ಉಬ್ಬುತ್ತದೆ. ಪುಗ್ಗೆಯ ಜಾಗದಲ್ಲಿ ನಿಮ್ಮ ಪುಪ್ಪುಸ ಇಟ್ಟು ನೋಡಿ. ಬಾವಿಯಲ್ಲಿ ಈ ಭಯ ಇಲ್ಲ, ಯಾಕೆಂದರೆ ಮೇಲಿಂದ ಒಯ್ದ ಗಾಳಿಯೇ ವಾಪಸ್ ಬರುತ್ತದೆ. ಸಿಲಿಂಡರ್‌ನ ಗಾಳಿಯನ್ನು ಒಳಗೆಳೆದದ್ದು ಆಳದಲ್ಲಿ. ಹಾಗಾಗಿ ಉಸಿರು ಎಲ್ಲೂ ನಿಲ್ಲಿಸಬಾರದು, ಗಾಬರಿಯಾಗಿ ಸರ್ರನೆ ಮೇಲಕ್ಕೂ ಬರಬಾರದು.

ದೋಣಿಯಲ್ಲಿ

ಸುಮಾರು ಒಂದೂವರೆ ತಾಸಿನ ದಾರಿ. ಬೆಳಿಗ್ಗೆ ಮಿರ್ಚಿ ಭಜಿ, ಮಂಡಕ್ಕಿ ಬೇಡ. ಎರಡು ಇಡ್ಲಿ ಸಾಕು. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ನುಂಗಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದರಿಂದ ಉಪಯೋಗವಿಲ್ಲ. ಮೊಬೈಲ್ ಒಳಗಿಟ್ಟು ದೂರದ ಕಡಲಂಚನ್ನೇ ನೋಡುತ್ತಿರಿ. ತುಂಬು ತೋಳಿನ ಟೀ ಶರ್ಟ್ ಹಾಕಿಕೊಳ್ಳಿ. ಕಲಬುರಗಿ ಬಿಸಿಲು ಕಂಡವರಿಗೆ ಇದೇನು ಅನ್ನಬೇಡಿ. ಬೋರಲು ತೇಲುವಾಗ ಬೆನ್ನು ತಂಪಾಗಿರುತ್ತದೆ, ಸುಟ್ಟದ್ದು ರಾತ್ರಿ ಗೊತ್ತಾಗುತ್ತದೆ.

ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಸ್ವಲ್ಪ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ದಟ್ಟ ಮೀಸೆಯವರಿಗೆ ಅಲ್ಲಿಂದಲೇ ನೀರು ನುಗ್ಗುತ್ತದೆ. ಮೀಸೆಗೆ ವ್ಯಾಸಲಿನ್ ಸವರುತ್ತಾರೆ. ಕಾಕಾ ಅದಕ್ಕೆ ಒಪ್ಪಿದ್ದೇ ದೊಡ್ಡದು. ಗಾಜಿನ ಒಳಗೆ ಉಗುಳಿ, ಉಜ್ಜಿ, ತೊಳೆದರೆ ಮಂಜು ಕಟ್ಟುವುದಿಲ್ಲ. ಅಸಹ್ಯ ಅನಿಸುತ್ತೆ ಅಲ್ವಾ? ಎಲ್ಲರೂ ಮಾಡುವುದು ಅದನ್ನೇ.

ನೀರೊಳಗೆ

ಹಗ್ಗ ಹಿಡಿದು ನಿಧಾನ ಇಳಿಯಿರಿ. ಮೀಟರ್‌ಗೊಮ್ಮೆ ಮೂಗು ಒತ್ತಿಹಿಡಿದು ಮೆಲ್ಲಗೆ ಊದಬೇಕು. ಕಿವಿಯಲ್ಲಿ ಟಿಕ್ ಅನ್ನುತ್ತದೆ. ನೋವು ಬರುವ ಮುಂಚೆಯೇ ಊದಿ. ಬಂದುಬಿಟ್ಟರೆ ಒಂದಡಿ ಮೇಲೆ ಬಂದು ಮತ್ತೆ ಊದಿ.

ಕೆಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಸರಿ ಇದ್ದೇನೆ'. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ'. ಹಳದಿ ಪಟ್ಟೆಯ ಮೀನಿನ ಹಿಂಡು ಮುಖದ ಮುಂದೆಯೇ ಹಾದುಹೋದಾಗ ಕಾಕಾ ಖುಷಿಗೆ ಎರಡೂ ಹೆಬ್ಬೆರಳು ಎತ್ತಿದರು. ತರಬೇತುದಾರ ಸೀದಾ ಮೇಲೆ ಕರೆತಂದ!

ಹವಳವನ್ನು ಮುಟ್ಟಬೇಡಿ. ಉಂಗುರದಲ್ಲಿ ನೋಡಿ ಅದನ್ನು ಕಲ್ಲು ಅಂದುಕೊಂಡಿರುತ್ತೇವೆ. ಇಲ್ಲಿನದು ಸಾವಿರಾರು ಸಣ್ಣ ಜೀವಿಗಳು ಸೇರಿ ಕಟ್ಟಿದ ಮನೆ, ಒಳಗೆ ಅವು ಬದುಕಿರುತ್ತವೆ. ಬೆಳೆಯುವುದು ಬಹಳ ನಿಧಾನ. ಕಾಲಿಗೆ ಹಾಕುವ ರೆಕ್ಕೆಯಂಥ ಫಿನ್ ಒಂದು ಸಲ ಬಡಿದರೂ ಎಷ್ಟೋ ವರ್ಷದ ಬೆಳವಣಿಗೆ ಮುರಿದುಬೀಳುತ್ತದೆ. ನೆನಪಿಗೆ ಅಂತ ಚೂರು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇನ್ನು, ಒಳಗೆ ಎಲ್ಲವೂ ನೀಲಿ ನೀಲಿ ಕಂಡರೆ ಬೇಸರ ಬೇಡ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ.

ಸ್ಕೂಬಾ ಮಾಡಿದವರು 18 ತಾಸು ವಿಮಾನ ಹತ್ತಬಾರದು. ಘಟ್ಟ ಏರುವುದನ್ನೂ ಮರುದಿನಕ್ಕೆ ಇಟ್ಟುಕೊಳ್ಳಿ. ಮೂರು ದಿನ ಅಂದದ್ದು ಅದಕ್ಕೇ. ಸಂಜೆಗೆ ಹಸಿವು ಸಿಕ್ಕಾಪಟ್ಟೆ, ಮನೆಯಿಂದ ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಆಗ ಕೈಗೆ ಬರುತ್ತದೆ. ನಮ್ಮ ರೊಟ್ಟಿ ಕಡಲ ಗಾಳಿಗೆ ಮೆತ್ತಗಾಗಿತ್ತು. ಡಬ್ಬಿ ಮುಚ್ಚಳ ಗಟ್ಟಿಯಾಗಿರಲಿ.