32 ಬಿಟ್ ಯುಇಎಫ್ಐ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12: ನನ್ನ ಅನುಭವ

ಆಟಂ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಫ್ಲಾಶ್ ಡಿಸ್ಕ್): ಇದು ನನ್ನ ಲ್ಯಾಪ್‌ಟಾಪ್. ಇದನ್ನು ಗುಜರಿಗೆ ಹಾಕು ಎಂದವರೇ ಎಲ್ಲ. ಈಗ ಇದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ 12 ಹಾಯಾಗಿ ಓಡುತ್ತಿದೆ.

ಪ್ರೊಸೆಸರ್ 64 ಬಿಟ್, ಯುಇಎಫ್ಐ (ಯಂತ್ರವನ್ನು ಬೂಟ್ ಮಾಡುವ ಫರ್ಮ್‌ವೇರ್) ಮಾತ್ರ 32 ಬಿಟ್. ತಕರಾರೆಲ್ಲ ಅಲ್ಲೇ. ಪೆನ್‌ಡ್ರೈವಿನ ಇಎಫ್ಐ/ಬೂಟ್ ಫೋಲ್ಡರಿನಲ್ಲಿ ಬೂಟ್‌ಐಎ32.ಇಎಫ್ಐ ಇಲ್ಲದಿದ್ದರೆ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಸುಳಿವೇ ಇರುವುದಿಲ್ಲ. ಪೆನ್‌ಡ್ರೈವೇ ಕೆಟ್ಟಿದೆ ಎಂದುಕೊಂಡು ಎರಡು ಹೊಸದು ಕೊಂಡೆ. ಆ ದುಡ್ಡು ದಂಡ. ಡೆಬಿಯನ್ 12ರ ನೆಟ್‌ಇನ್‌ಸ್ಟಾಲ್ ಐಎಸ್‌ಒದಲ್ಲಿ ಆ ಫೈಲ್ ಇದೆ, ವೈಫೈ ಫರ್ಮ್‌ವೇರ್ ಕೂಡ ಜೊತೆಗೇ ಬರುತ್ತದೆ. ಸಹಿ ಇಲ್ಲದ ಬೂಟ್ ಫೈಲುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ.

ಮೊದಲ ಸಲ ಇನ್‌ಸ್ಟಾಲ್ ಮುಗಿದು ರೀಬೂಟ್ ಆದರೆ ಬರೀ ಕಪ್ಪು ಪರದೆ. ಎರಡನೇ ಸಲವೂ ಅದೇ. ಬೂಟ್ ಲೋಡರ್ ಆದ ಗ್ರಬ್ ಬರೆದ ಬೂಟ್ ಎಂಟ್ರಿಯನ್ನು ಈ ಫರ್ಮ್‌ವೇರ್ ಉಳಿಸಿಕೊಳ್ಳುವುದೇ ಇಲ್ಲ! ಮೂರನೇ ಸಲ ಎಕ್ಸ್‌ಪರ್ಟ್ ಇನ್‌ಸ್ಟಾಲ್ ಹಿಡಿದು, ರಿಮೂವಬಲ್ ಮೀಡಿಯಾ ಪಾತ್‌ಗೂ (ಎಂಟ್ರಿ ಇಲ್ಲದಿದ್ದರೂ ಫರ್ಮ್‌ವೇರ್ ತಾನೇ ಹುಡುಕುವ ಇಎಫ್ಐ/ಬೂಟ್ ಫೋಲ್ಡರ್) ಗ್ರಬ್ ಹಾಕಲೇ ಎಂದು ಕೇಳಿದಲ್ಲಿ ಹೌದು ಕೊಟ್ಟೆ. ಬೂಟ್ ಆಯಿತು. ಡಿಸ್ಕ್ ಆರಿಸುವಾಗ ಎಂಎಂಸಿಬಿಎಲ್‌ಕೆ0 (ಇಎಂಎಂಸಿಗೆ ಲಿನಕ್ಸ್ ಕೊಡುವ ಹೆಸರು) ಮಾತ್ರ. ಅದರ ಬೂಟ್0, ಬೂಟ್1 ಭಾಗಗಳ ತಂಟೆಗೆ ಹೋಗಬೇಡಿ.

ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಯಂತ್ರ ಹಾಗೇ ಕಲ್ಲಾಗುತ್ತಿತ್ತು. ರ‍್ಯಾಮ್ ಮೇಲೆ ಅನುಮಾನಪಟ್ಟು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿದ್ದು ವ್ಯರ್ಥ. ಕಾರಣ ಈ ಆಟಂ ಸೇರಿದ ಬೇ ಟ್ರೇಲ್ ಚಿಪ್ಪುಗಳ ಹಳೆಯ ಸಿ-ಸ್ಟೇಟ್ (ಬಿಡುವಿನಲ್ಲಿ ಪ್ರೊಸೆಸರ್ ಜಾರುವ ನಿದ್ದೆಯ ಹಂತ) ರೋಗ. ಗ್ರಬ್‌ನ ಕರ್ನೆಲ್ ಆಯ್ಕೆಗಳ ಸಾಲಿಗೆ ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1 ಸೇರಿಸಿ, ಅಪ್‌ಡೇಟ್-ಗ್ರಬ್ ಕೊಟ್ಟ ಮೇಲೆ ಒಮ್ಮೆಯೂ ನಿಂತಿಲ್ಲ. ಬ್ಯಾಟರಿ ಮುಕ್ಕಾಲು ಗಂಟೆಯಷ್ಟು ಕಮ್ಮಿ ಬರುತ್ತದೆ, ಬರಲಿ.

ಡೆಸ್ಕ್‌ಟಾಪ್ ಹಗುರವಾದ ಎಲ್‌ಎಕ್ಸ್‌ಕ್ಯೂಟಿ. ಇಎಂಎಂಸಿ ಸವೆಯಬಾರದೆಂದು ಅದರ ಮೇಲೆ ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಜಾಗ) ಇಡಲಿಲ್ಲ. ರ‍್ಯಾಮಿನಲ್ಲೇ ಕುಗ್ಗಿಸಿದ ಸ್ವಾಪ್ ಮಾಡುವ ಝೆಡ್‌ರ‍್ಯಾಮ್-ಟೂಲ್ಸ್ ಹಾಕಿ ಝಡ್‌ಎಸ್‌ಟಿಡಿ ಕಂಪ್ರೆಷನ್, ರ‍್ಯಾಮಿನ ಶೇ. 60 ಇಟ್ಟೆ. ಶೇ. 100 ಕೂಡ ನೋಡಿದೆ, ಬ್ರೌಸರಿನಲ್ಲಿ ಟ್ಯಾಬ್ ಹೆಚ್ಚಾದಾಗ ತೆವಳತೊಡಗಿತು. ಫೈಲ್ ಓದಿದಾಗಲೆಲ್ಲ ಸಮಯ ಬರೆಯದಂತೆ, ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ನೋಏಟೈಮ್ ಇದೆ.

ನಡುವೆ ಒಂದು ಹುಚ್ಚು: ರೂಟ್ (ಸಿಸ್ಟಮ್ ಇರುವ ಭಾಗ) ಅನ್ನು ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಮಾಡಿ ಝಡ್‌ಎಸ್‌ಟಿಡಿ ಕಂಪ್ರೆಷನ್ ಕೊಟ್ಟು ನೋಡಿದೆ. ಏಳು ಜಿಬಿ ಹಿಡಿಯುತ್ತಿದ್ದದ್ದು ನಾಲ್ಕೂವರೆಗೆ ಇಳಿಯಿತು ಅಂತ ನೆನಪು. ಆದರೆ ಎಪಿಟಿ ಅಪ್‌ಗ್ರೇಡ್ (ಪ್ಯಾಕೇಜುಗಳ ನವೀಕರಣ) ಆಮೆಯಾಯಿತು. ಮರಳಿ ಎಕ್ಸ್‌ಟಿ4.

ಸೌಂಡ್‌ಗೆ ಫರ್ಮ್‌ವೇರ್-ಇಂಟೆಲ್-ಸೌಂಡ್ ಪ್ಯಾಕೇಜ್ ಹಾಕಿದರಷ್ಟೇ ಸಾಲಲಿಲ್ಲ, ಯುಸಿಎಂ ಫೈಲಿನಲ್ಲಿ (ಸೌಂಡ್ ಚಿಪ್ಪಿನ ಸೆಟ್ಟಿಂಗ್ ಫೈಲ್) ಎರಡು ಸಾಲು ತಿದ್ದಬೇಕಾಯಿತು. ಯಾವ ಸಾಲು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕ್ಯಾಮೆರಾ ಮಾತ್ರ ಇನ್ನೂ ಕಣ್ಣು ಬಿಟ್ಟಿಲ್ಲ.