ಬಿಯರ್ ಕ್ಯಾನ್ ಚಿಕನ್: ಕೋಳಿಯನ್ನು ನಿಲ್ಲಿಸಿ ಬೇಯಿಸಿದ ಅನುಭವ

ಬಿಯರ್ ಕ್ಯಾನ್ ಹೊಟ್ಟೆಯೊಳಗೆ ಹೋಗುವ ಹಾಗೆ ಇಡೀ ಕೋಳಿಯನ್ನು ಅದರ ಮೇಲೆ ಕೂರಿಸಿ ಕೆಂಡದಲ್ಲಿ ಬೇಯಿಸುವುದು ಅಮೆರಿಕದ ಪದ್ಧತಿ. ಗೋವಾದಲ್ಲಿ ಬಿಯರ್ ಹುಡುಕುವ ಕಷ್ಟ ಇಲ್ಲ. ಹುಡುಕಬೇಕಾದದ್ದು ಚರ್ಮ ಇರುವ ಕೋಳಿ. ಅಂಗಡಿಯವರು ಪುಕ್ಕದ ಜೊತೆ ಚರ್ಮವನ್ನೂ ಎಳೆದುಬಿಡುತ್ತಾರೆ. ಅದಕ್ಕೇ ನಾನು ಮಾಪುಸಾ ಮಾರ್ಕೆಟ್‌ನಲ್ಲಿ ಮೊದಲೇ ಹೇಳಿಡುತ್ತೇನೆ: ಪುಕ್ಕ ಮಾತ್ರ ತೆಗೆಯಿರಿ, ಚರ್ಮ ಹರಿಯಬಾರದು, ತುಂಡು ಮಾಡಬೇಡಿ. ತೂಕ ಸುಮಾರು 1.2 ಕಿಲೋ ಇದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಗ್ರಿಲ್‌ನ ಮುಚ್ಚಳ ಕೂರುವುದಿಲ್ಲ.

ಹಿಂದಿನ ರಾತ್ರಿ ಕೋಳಿಯ ಒಳಗೂ ಹೊರಗೂ ಬಟ್ಟೆಯಿಂದ ಒರೆಸಿ, ಸುಮಾರು 15 ಗ್ರಾಂ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ ಇಡುತ್ತೇನೆ. ಈ ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟು ಒಣಗಿಸುವ ಹಾಗಿಲ್ಲ. ಫ್ರಿಜ್‌ನ ಒಣ ಗಾಳಿಗೆ ಚರ್ಮ ಬಿಗಿಯಾಗುತ್ತದೆ. ಮರುದಿನ ಅದು ಗರಿಗರಿಯಾಗುವುದು ಇದರಿಂದಲೇ.

ಮಸಾಲೆ ನಮ್ಮ ಊರಿನದು: ಬ್ಯಾಡಗಿ ಮೆಣಸು, ಕಾಳುಮೆಣಸು, ಬೆಳ್ಳುಳ್ಳಿ, ಅರಿಸಿನ. ಹುಳಿಗೆ ಇಲ್ಲಿಯ ತೆಂಗಿನ ಕಳ್ಳಿನ ವಿನೆಗರ್. ಗಟ್ಟಿಯಾಗಿ ರುಬ್ಬಿ, ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಬಿಡಿಸಿ ಅದರ ಅಡಿಯಲ್ಲಿ ತುಂಬುತ್ತೇನೆ. ಮೇಲೆ ಹಚ್ಚಿದರೆ ಮೆಣಸು ಸುಟ್ಟು ಕಹಿಯಾಗುತ್ತದೆ. ಮೇಲೆ ಸ್ವಲ್ಪ ತುಪ್ಪ ಅಷ್ಟೇ.

ಇನ್ನು ಬಿಯರ್ ವಿಷಯ. ಅದು ಕುದಿದು, ಹಬೆಯಾಗಿ, ಮಾಂಸಕ್ಕೆ ರುಚಿ ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾನ್ ಇರುವುದು ತಣ್ಣನೆಯ ಮಾಂಸದ ನಡುವೆ. ಮಾಂಸ ಬೆಂದು ಮುಗಿಯುವುದು 74 ಡಿಗ್ರಿಯಲ್ಲಿ, ಬಿಯರ್ ಕುದಿಯಬೇಕಾದರೆ ಹತ್ತಿರ ಹತ್ತಿರ 100 ಡಿಗ್ರಿ ಬೇಕು. ಕೋಳಿ ಬೇಯುವಷ್ಟರಲ್ಲಿ ಬಿಯರ್ ಬಿಸಿಯಾಗಿರುತ್ತದೆ, ಕುದಿದಿರುವುದಿಲ್ಲ. ರುಚಿ ಬರುವುದು ಕೋಳಿಯನ್ನು ನಿಲ್ಲಿಸಿ ಬೇಯಿಸುವುದರಿಂದ. ಎಲ್ಲ ಕಡೆಯಿಂದಲೂ ಬಿಸಿಗಾಳಿ ತಾಗುತ್ತದೆ, ಕೊಬ್ಬು ಕರಗಿ ಕೆಳಗಿಳಿಯುತ್ತದೆ, ಬೆನ್ನಿನ ಚರ್ಮವೂ ಮೆತ್ತಗಾಗದೆ ಉಳಿಯುತ್ತದೆ. ಕ್ಯಾನ್‌ನ ಹೊರಗಿನ ಬಣ್ಣ ಮಾಂಸಕ್ಕೆ ತಾಗುವುದೂ ನನಗೆ ಇಷ್ಟವಿಲ್ಲ. ಅದಕ್ಕೆ ಅಗಲ ತಳದ ಗಿಡ್ಡ ಸ್ಟೀಲ್ ಲೋಟಕ್ಕೆ ಅರ್ಧ ಬಿಯರ್ ಸುರಿದು, ಅದರ ಮೇಲೆ ಕೋಳಿ ಕೂರಿಸುತ್ತೇನೆ. ಆ ಭಾರಕ್ಕೆ ಲೋಟ ಅಲುಗುವುದಿಲ್ಲ, ಎರಡು ಕಾಲೂ ಮುಂದಕ್ಕೆ ಊರಿ ಕೋಳಿ ಗಟ್ಟಿಯಾಗಿ ನಿಲ್ಲುತ್ತದೆ.

ತೆಂಗಿನ ಚಿಪ್ಪಿನ ಇದ್ದಿಲನ್ನು ಗ್ರಿಲ್‌ನ ಎರಡು ಬದಿಗೆ ಸರಿಸಿ, ನಡುವೆ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ಅದರ ಮೇಲೆ ಕೋಳಿ. ನೇರ ಕೆಂಡದ ಮೇಲೆ ಬೇಡವೇ ಬೇಡ, ಕೊಬ್ಬು ತೊಟ್ಟಿಕ್ಕಿ ಭಗ್ಗನೆ ಉರಿ ಏಳುತ್ತದೆ. ಕೆಂಡ ಕಡಿಮೆಯಾದರೆ ನಡುವೆ ಒಮ್ಮೆ ಇದ್ದಿಲು ಸೇರಿಸಬೇಕು. ಒಳಗೆ 180 ಡಿಗ್ರಿ ಇದ್ದರೆ ಒಂದೂಕಾಲು ಗಂಟೆಯ ಹೊತ್ತಿಗೆ ನೋಡಬಹುದು. ಆದರೆ ಗಡಿಯಾರಕ್ಕಿಂತ ಥರ್ಮಾಮೀಟರ್ ಮುಖ್ಯ. ಎದೆ 74 ಮುಟ್ಟಬೇಕು. ತೊಡೆ 80ರ ಆಸುಪಾಸು ಇದ್ದರೆ ಇನ್ನೂ ಚೆನ್ನ. ಲೋಟ ಒಳಗಿರುವುದರಿಂದ ಬೆನ್ನೆಲುಬಿನ ಹತ್ತಿರ ನಿಧಾನವಾಗಿ ಬೇಯುತ್ತದೆ, ಅಲ್ಲಿಯೂ ಚುಚ್ಚಿ ನೋಡಿ.

ಇಳಿಸುವಾಗ ಇಬ್ಬರು ಬೇಕು. ಒಬ್ಬರು ಲೋಟ ಹಿಡಿದು, ಇನ್ನೊಬ್ಬರು ಚಿಮ್ಮಟದಿಂದ ಕೋಳಿ ಎತ್ತಬೇಕು. ಬಿಸಿ ಬಿಯರ್ ಕಾಲ ಮೇಲೆ ಚೆಲ್ಲಿದರೆ ಹಬ್ಬ ಮುಗಿಯಿತು ಅಲ್ವಾ? ಲೋಟದಲ್ಲಿ ಉಳಿದದ್ದನ್ನು ಚೆಲ್ಲಿಬಿಡುತ್ತೇನೆ. ಹತ್ತು ಹದಿನೈದು ನಿಮಿಷ ಬಿಟ್ಟು ಕತ್ತರಿಸಿದರೆ ರಸ ಓಡಿಹೋಗುವುದಿಲ್ಲ.

ಬಿಯರ್ ರುಚಿ ಬೇಕೇ ಬೇಕು ಅನ್ನುವವರಿಗೆ, ಕೆಳಗಿನ ತಟ್ಟೆಯ ರಸಕ್ಕೆ ಹೊಸ ಬಿಯರ್ ಅರ್ಧ ಲೋಟ ಸೇರಿಸಿ, ಚಿಟಿಕೆ ಬೆಲ್ಲ ಹಾಕಿ ಕುದಿಸಿ ಬತ್ತಿಸಿ. ನಮ್ಮ ಮನೆಯಲ್ಲಿ ಆ ಗಸಿಗೆ ನೀರುದೋಸೆ ಹುಯ್ಯುತ್ತೇವೆ. ಪಾವ್ ಜೊತೆಗೂ ಚೆನ್ನಾಗಿರುತ್ತದೆ.